ಊಟಕ್ಕೆ ಬಂದ ಮುತ್ತಲ ಎಲೆ

ಮುತ್ತಲ ಮರ, ಅದೇ ಕುಲದ ಬಳ್ಳಿ ಎಲ್ಲೆಲ್ಲಿ ಬೆಳೆಯುತ್ತವೆ ಎಂದು ಹುಡುಕುತ್ತ ಊರೂರು ತಿರುಗುವುದು ನನ್ನ ಕೆಲಸ. ಮಾನ್ವಿ, ಗುಂಜಹಳ್ಳಿ ಮುಗಿಸಿ ದೇವದುರ್ಗಕ್ಕೆ ಬಂದವನು, ಅಲ್ಲಿಯ ಎಲೆಯನ್ನೂ ಕೂಡಿಸಿ, ಒಂದೊಂದು ಊರಿನ ಎಲೆಯನ್ನು ಒಂದೊಂದು ಪೇಪರಿನಲ್ಲಿಟ್ಟು, ಮೇಲೆ ಕಲ್ಲು ಹೇರಿ, ಉಳಿದುಕೊಂಡಿದ್ದ ಮನೆಯ ಪಡಸಾಲೆಯಲ್ಲಿ ಒಣಗಲು ಬಿಟ್ಟು ಹೊಳೆಯ ಕಡೆ ಹೋದೆ.

ಮಧ್ಯಾಹ್ನ ಹಸಿದು ಬಂದರೆ, ಮನೆಯೊಡತಿ ಶಿವಮ್ಮ ಅದೇ ಎಲೆಗಳಿಗೆ ನೀರು ಚಿಮುಕಿಸಿ, ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದಾರೆ!

"ಯವ್ವಾ, ಏನ್ ಮಾಡಾಕತ್ತೀರಿ?"

"ಬರೋರು ಬಾಳಿಹಣ್ಣು ತರ್ತಾರ, ನೀವು ಎಲಿ ತಂದೀರಿ. ಭಾಳ ಚಲೋ ಒಣಗಿಸೀರಿ ಬಿಡ್ರಿ, ಒಂದೂ ಹರದಿಲ್ಲ."

"ಯಾವ ಎಲಿ ಯಾವ ಊರಿಂದು ಅಂತ ಈಗ ಹೆಂಗ ಹೇಳ್ಲಿ?"

"ಎಲಿ ಊರು ಕೇಳಿ ಯಾರರ ಉಣ್ತಾರೇನ್ರಿ? ಕುಂದರ್ರಿ, ರೊಟ್ಟಿ ಆರಾಕತ್ತಾವು."

ಸಿಟ್ಟು ಬಂದಿತ್ತು, ಹಸಿವು ಅದಕ್ಕಿಂತ ಮೊದಲೇ ಬಂದಿತ್ತು. ಮೂರೂ ಊರಿನ ಮೇಲೆ ರೊಟ್ಟಿ, ಪುಂಡಿಪಲ್ಯ ಹಾಕಿಸಿಕೊಂಡು ಉಂಡೆ.

ಮತ್ತೆ ಬಸ್ಸು ಹತ್ತಿ, ಎಲ್ಲ ಎಲೆಗಳನ್ನೂ ಹೊಸದಾಗಿ ಕೂಡಿಸಿ ರಾಯಚೂರಿನ ನಮ್ಮ ಕಚೇರಿಗೆ ಒಯ್ದೆ. ನಡುವೆ ಊಟದ ಎಲೆಯೊಂದು ಹೇಗೋ ಸೇರಿಕೊಂಡಿತ್ತು. ನಮ್ಮ ಸಾಹೇಬರು ಅದರ ಕಲೆಯನ್ನು ಭೂತಗನ್ನಡಿಯಲ್ಲಿ ನೋಡಿಯೇ ನೋಡಿದರು.

"ಇದು ಯಾವ ರೋಗರೀ?"

"ಪುಂಡಿಪಲ್ಯ ಸರ. ದೇವದುರ್ಗದಾಗ ಭಾಳ ಅದ."