ಅವ್ವ ಉಣ್ಣಲೆಂದು ಹಾಸಿದ ಮೇಜು

ಪಿಂಗಾಣಿ ಮಾರುವ ಮನೆಯಲ್ಲಿ ಯಾರೂ ಪಿಂಗಾಣಿಯಲ್ಲಿ ಉಣ್ಣುವುದಿಲ್ಲ. ಗೋವಾದ ಕೆಪೆ ಪೇಟೆಯಲ್ಲಿ ನಮ್ಮ ಅಂಗಡಿ ಇದೆ. ನನ್ನ ಗಂಡ ಬೆಳಗಾವಿಯ ಕಡೆಯವರು, ಅವರ ಅಪ್ಪನ ಕಾಲದಿಂದಲೂ ಗೋವಾದ ಮನೆಗಳಿಗೆ ಕಪ್ಪು-ಬಸಿ, ತಾಟು, ಬೋಗುಣಿ ಮಾರುತ್ತ ಬಂದವರು. ಮನೆಯಲ್ಲಿ ಮದುವೆಯೋ ಚರ್ಚಿನ ಹಬ್ಬದ ಫೆಸ್ತವೋ ಬಂತೆಂದರೆ ಜನ ನಮ್ಮಲ್ಲಿಗೆ ಬಂದು ಹೂವಿನ ಅಂಚಿನ ಸೆಟ್ಟು ಆರಿಸಿಕೊಂಡು, ಹುಲ್ಲಿನಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ನಾವು ಮಾತ್ರ ಸ್ಟೀಲಿನ ಗಂಗಾಳದಲ್ಲಿ ರೊಟ್ಟಿ ಮುರಿದು ಉಂಡು, ತೊಳೆದು, ಬೋರಲು ಹಾಕುವವರು. ಪಿಂಗಾಣಿ ಚಹಾಕ್ಕೆ ಸಾಕು ಎಂಬುದು ಅತ್ತೆಯ ಮಾತಾಗಿತ್ತು. ನನ್ನ ಅವ್ವನ ಮಾತೂ ಅದೇ ಆಗಿತ್ತು, ಮಾತು ನೆನಪಿದ್ದ ದಿನಗಳಲ್ಲಿ.

ಅಪ್ಪ ಹೋದ ಮೇಲೆ ಅವ್ವನನ್ನು ಧಾರವಾಡದಿಂದ ನಮ್ಮಲ್ಲಿಗೆ ಕರೆದುಕೊಂಡು ಬಂದೆ. ಬಂದಾಗ ಚೆನ್ನಾಗಿಯೇ ಇದ್ದಳು, ನನ್ನ ಅಡುಗೆಗೆ ಹೆಸರಿಡುವಷ್ಟು. ಆಮೇಲೆ ಮರೆವು ಶುರುವಾಯಿತು. ಮೊದಲು ದಾರಿ ಮರೆತಳು, ಆಮೇಲೆ ಹೆಸರುಗಳನ್ನು. ಕೊನೆಗೆ ಹಸಿವನ್ನೇ ಮರೆತಳು. ಗಂಗಾಳ ಮುಂದಿಟ್ಟರೆ ಅದರಲ್ಲಿ ತನ್ನ ಮುಖ ನೋಡುತ್ತ ಕೂತುಬಿಡುತ್ತಿದ್ದಳು. ತುತ್ತು ಮಾಡಿ ಬಾಯಿಗಿಡಲು ಹೋದರೆ ಕೈಗೆ ಪಟ್ಟನೆ ಹೊಡೆಯುತ್ತಿದ್ದಳು. ಅವ್ವ ಯಾವತ್ತೂ ಇನ್ನೊಬ್ಬರ ಕೈಯಿಂದ ಉಂಡವಳಲ್ಲ. ಎಲ್ಲ ಮರೆತರೂ ಆ ಸೊಕ್ಕು ಮಾತ್ರ ಮರೆತಿರಲಿಲ್ಲ. ಮುಂಗೈಯಲ್ಲಿದ್ದ ಬಳೆಗಳು ಮೊಣಕೈತನಕ ಜಾರತೊಡಗಿದವು.

ಮಡಗಾಂವದ ಡಾಕ್ಟರು ಅವಳನ್ನು ತೂಗಿ ನೋಡಿ ಮುಖ ಗಂಟಿಕ್ಕಿದರು. ಹೀಗೇ ಆದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬೇಕಾಗುತ್ತದೆ, ಅವಳು ಅದನ್ನು ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗಬಹುದು ಎಂದರು. ನಾನು ಗಾಬರಿಯಾದದ್ದು ನೋಡಿ, ಒಂದು ಸಲ ಗಾಢ ಬಣ್ಣದ ತಾಟಿನಲ್ಲಿ ಬಡಿಸಿ ನೋಡಿ, ಸ್ಟೀಲಿನಲ್ಲಿ ಅನ್ನ ಅವರ ಕಣ್ಣಿಗೆ ಬೀಳದೆಯೂ ಇರಬಹುದು ಎಂದರು. ಹೇಳುವಾಗ ಅವರ ದನಿಯಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ನಾನು ಹಿಡಿದುಕೊಂಡೆ.

ಅಂಗಡಿಯಲ್ಲಿ ಸೆಟ್ಟು ಒಡೆದು ಒಂಟಿಯಾಗಿ ಉಳಿದ ತಾಟುಗಳು ಒಂದು ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಅವುಗಳಲ್ಲಿ ಒಂದು ಕೆಂಪು ತಾಟು ತಂದು ಅನ್ನ, ಮೊಸರು ಹಾಕಿ ಇಟ್ಟೆ. ಅವ್ವ ಬಗ್ಗಿ ನೋಡಿದಳು. ಬೆರಳಿನಿಂದ ಅನ್ನದ ಅಂಚು ಮುಟ್ಟಿದಳು. ಆಮೇಲೆ ಉಂಡಳು, ಅರ್ಧದಷ್ಟು. ನನಗೆ ಅಳು ಬಂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳೋ ಬೆರಳು ನೆಕ್ಕುತ್ತ, ಈ ಹೆಣ್ಣುಮಗಳಿಗೇನಾಗಿದೆ ಎಂಬಂತೆ ನನ್ನನ್ನು ನೋಡಿದಳು.

ಆಸೆಗೆ ಕೊನೆ ಎಲ್ಲಿ? ಒಂದು ತಾಟಿಗೆ ಅರ್ಧ ಊಟವಾದರೆ ಇಡೀ ಮೇಜಿಗೆ ಪೂರ್ತಿ ಊಟವಾದೀತು ಎಂದು ಲೆಕ್ಕ ಹಾಕಿದೆ. ನಮ್ಮ ಊಟದ ಮೇಜು ಅಲ್ಲಿಯವರೆಗೆ ಇಸ್ತ್ರಿಯ ಬಟ್ಟೆ ಮತ್ತು ಹಳೇ ಪೇಪರಿನದಾಗಿತ್ತು. ಅದನ್ನು ಖಾಲಿ ಮಾಡಿ ದಿನಕ್ಕೊಂದು ವೇಷ ಹಾಕತೊಡಗಿದೆ. ಒಂದು ದಿನ ಮಳೆಯ ಮೇಜು: ನೀಲಿ ಬಟ್ಟೆ, ನೀಲಿ ತಾಟು, ಅದರ ನಡುವೆ ಬಿಳೀ ಇಡ್ಲಿ, ಪಕ್ಕದ ಬೋಗುಣಿಯಲ್ಲಿ ತೇಲುವ ಕೆಸುವಿನ ಎಲೆ. ಒಂದು ದಿನ ಮಾವಿನ ಮೇಜು, ಎಲ್ಲ ಹಳದಿ, ತಾಟು ಮಾತ್ರ ಕಡುಹಸಿರು. ಚೌತಿಯ ಸಮಯಕ್ಕೆ ಇಲ್ಲಿಯವರು ಗಣಪನ ಮೇಲೆ ಹಣ್ಣು-ಕಾಯಿಗಳ ಮಾಟೋಳಿ ಕಟ್ಟುತ್ತಾರಲ್ಲ, ಹಾಗೆ ಮೇಜಿನ ಮೇಲೂ ಒಂದು ಕೋಲು ಕಟ್ಟಿ ಸೌತೆಕಾಯಿ, ಅಡಿಕೆ ಗೊನೆ, ಅಂಬಾಡೆ ಕಾಯಿ ತೂಗುಬಿಟ್ಟೆ. ಅವ್ವ ತಲೆಯೆತ್ತಿ ನೋಡಿ ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ.

ಗಂಡ ಅಂಗಡಿ ಮುಚ್ಚಿ ಬಂದವರು ಬಾಗಿಲಲ್ಲೇ ನಿಂತರು.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವ ಅಂದಂಗ ಆತು ನೋಡ ಇದು. ಅನ್ನಕ್ಕಿಂತ ಅಲಂಕಾರನ ಜಾಸ್ತಿ."

"ಹಿಟ್ಟು ಹೊಟ್ಟಿಗೆ ಹೋಗ್ಲಿ ಅಂತನ ಮಲ್ಲಿಗಿ ಮುಡಸಾಕತ್ತೇನ್ರಿ," ಎಂದೆ. "ನಿಮಗ ಬ್ಯಾರೆ ದಾರಿ ಗೊತ್ತಿದ್ರ ಹೇಳ್ರಿ, ಇಲ್ಲಂದ್ರ ಸುಮ್ನ ಆ ಹಸರ ವಾಟಗಾ ಈ ಕಡಿ ಕೊಡ್ರಿ."

ಕೊಟ್ಟರು. ಪಾಪ, ಅವರೂ ಅವ್ವನ ಜೊತೆ ಬಣ್ಣದ ತಾಟಿನಲ್ಲಿ ಉಣ್ಣಲು ಕಲಿತರು. ರೊಟ್ಟಿ ಮುರಿಯುವಾಗ ತಾಟು ಒಡೆದೀತೆಂದು ಅವರಿಗೆ ಹೆದರಿಕೆ.

ಆದರೆ ಹೊಸದರ ಸೊಗಸು ಎಷ್ಟು ದಿನ? ಮಳೆ ಹಿಂದೆಗೆಯುವ ಹೊತ್ತಿಗೆ ಕೆಂಪು ತಾಟನ್ನೂ ಅವ್ವ ಗಂಗಾಳದ ಹಾಗೆಯೇ ನೋಡತೊಡಗಿದಳು. ನೀಲಿಯೂ ನಡೆಯಲಿಲ್ಲ, ಹಳದಿಯೂ ಇಲ್ಲ. ಡಾಕ್ಟರು ಮತ್ತೆ ನಳಿಕೆಯ ಮಾತೆತ್ತಿದರು. ಆಗ ನನಗೆ ಹೊಳೆದದ್ದು ನಮ್ಮೂರ ಮೇಜು. ಗೋವಾದ ಬಣ್ಣ ಸಾಕು, ಅವಳಿಗೆ ಅವಳದೇ ಊರು ಬೇಕು ಎಂದುಕೊಂಡೆ. ಅಪ್ಪನಿದ್ದಾಗ ಅವಳು ಅವರಿಗೆಂದು ಕೈಯಾರೆ ಮಾಡುತ್ತಿದ್ದದ್ದನ್ನೆಲ್ಲ ಮಾಡಿದೆ: ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹಪ್ಪಳ. ಇಳಕಲ್ ಸೀರೆಯೊಂದನ್ನು ಮಡಚಿ ಮೇಜಿಗೆ ಹಾಸಿ, ಅದರ ಮೇಲೆ ಬಾಳೆ ಎಲೆ, ಎಲೆಯ ಮೇಲೆ ಅಂಗಡಿಯಲ್ಲೇ ಅತಿ ಚೆಂದದ ಕೇಸರಿ ತಾಟು ಇಟ್ಟೆ. ಸುತ್ತ ಚೆಂಡು ಹೂವು. ಮಧ್ಯಾಹ್ನವೇ ಮೋಡ ಮುಸುಕಿದ್ದರಿಂದ ಒಂದು ಹಣತೆಯನ್ನೂ ಹಚ್ಚಿದೆ. ಗೋಡೆಯಲ್ಲಿದ್ದ ಅಪ್ಪನ ಫೋಟೋ ಕಾಣುವ ಹಾಗೆ ಕುರ್ಚಿ ಹಾಕಿದೆ. ಅವಳೊಬ್ಬಳ ಮೇಲೇ ಗಮನವಿರಲಿ ಎಂದು ತಾಟು ಒಂದೇ ಇಟ್ಟೆ.

ನೋಡಿದ ಯಾರಾದರೂ ಹೇಳುತ್ತಿದ್ದರು, ನನಗೆ ಮಾತ್ರ ತಿಳಿಯಲಿಲ್ಲ. ಫೋಟೋದ ಮುಂದೆ ಬಾಳೆ ಎಲೆ, ದೀಪ, ಹೂವು, ತೀರಿಕೊಂಡವರ ಇಷ್ಟದ ಅಡುಗೆ, ಒಂದೇ ತಾಟು. ಸತ್ತವರಿಗೆ ಎಡೆ ಇಡುವುದೆಂದರೆ ಇನ್ನೇನು?

ಅವ್ವ ಹೊಸ್ತಿಲಲ್ಲೇ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ತಿಂಗಳುಗಟ್ಟಲೆ ಕಾಣದಿದ್ದ ಎಚ್ಚರ ಅವಳ ಕಣ್ಣಿಗೆ ಬಂದಿತ್ತು.

"ಏ ಹುಡುಗಿ, ಇಲ್ಲೇನ ನಿಂತಿ? ಹೊರಗ ನಡಿ. ನಾವು ನಿಂತ್ರ ಹಿರ್ಯಾರು ಹೆಂಗ ಉಂಡಾರು?"

ನನ್ನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಬಂದು ಬಾಗಿಲು ಮುಂದೆ ಮಾಡಿದಳು. ನಮ್ಮಲ್ಲಿ ಹಾಗೆಯೇ. ಎಡೆ ಇಟ್ಟ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲಬೇಕು, ಹಿರಿಯರು ಬಂದು ಉಂಡು ಹೋದರೆಂದಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ನಾವಿಬ್ಬರೂ ಪಡಸಾಲೆಯಲ್ಲಿ ನಿಂತೆವು. ನನಗೋ ಒಳಗೊಳಗೇ ಸಂತೋಷ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಹುಡುಗಿ ಎಂದಳಲ್ಲ! ನಾನು ಯಾರೆಂಬುದು ಅವಳಿಗೆ ಮತ್ತೆ ತಿಳಿದಿತ್ತು. ಸ್ವಲ್ಪ ಹೊತ್ತಿಗೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ತಾಟು ನೋಡಿದಳು. ಅವಳ ಮುಖ ಬಾಡಿತು.

"ಮುಟ್ಟೇ ಇಲ್ಲ. ಏನೋ ಕಡಿಮಿ ಆಗೇತಿ. ಅವ್ರು ಉಣ್ಣದ ನಾ ಹೆಂಗ ಉಣ್ಣಲಿ?"

ಅಂದು ಅವಳು ಒಂದಗುಳೂ ಮುಟ್ಟಲಿಲ್ಲ.

ಮರುದಿನ ಅದೇ ಮೇಜನ್ನು ಹಾಸಿದೆ. ನಾವು ಪಡಸಾಲೆಯಲ್ಲಿ ನಿಂತಾಗ, ನಾನು ಹೇಳಿಕೊಟ್ಟಂತೆ ಗಂಡ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಹೋಳಿಗೆಯ ಅಂಚು ಮುರಿದು, ಸಾರಿನಲ್ಲಿ ಬೆರಳಾಡಿಸಿ, ಹಪ್ಪಳ ಕಡಿದು ಹೋದರು. ಅವ್ವ ಒಳಗೆ ಬಂದು ನೋಡಿ ಫೋಟೋಗೆ ಕೈಮುಗಿದಳು. "ಉಂಡ್ರು," ಎಂದಳು. ಆಮೇಲೆ ತಾನೇ ಇನ್ನೊಂದು ತಾಟು ಎಳೆದುಕೊಂಡು, ನನಗೂ ಬಡಿಸಿ, ಹೊಟ್ಟೆ ತುಂಬ ಉಂಡಳು. ಅಪ್ಪನಿಗೆ ಬೆಲ್ಲ ಜಾಸ್ತಿ ಬೇಕೆಂದು ಹೇಳಿದಳು. ನಾನು ಸಣ್ಣವಳಿದ್ದಾಗ ಹೋಳಿಗೆಯ ಹೂರಣ ಕದ್ದು ತಿಂದು ಬೈಸಿಕೊಂಡದ್ದನ್ನು ಹೇಳಿದಳು. ಅಡುಗೆಮನೆಯಲ್ಲಿ ಗಂಡ ಬಾಯಿ ಒರೆಸಿಕೊಂಡು ನಗುತ್ತಿದ್ದರು. ಮಾವನ ಪಾಲು ಅಳಿಯನಿಗೆ ದಕ್ಕಿತ್ತು.

ಆ ಕೆಲವು ವಾರ ನಮ್ಮ ಮನೆಯಲ್ಲಿ ದಿನವೂ ಎಡೆ. ಮನೆಯಲ್ಲಿ ನಿತ್ಯ ಹೀಗೆ ಮಾಡಬಾರದು, ಅಪಶಕುನ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅವ್ವ ಉಣ್ಣುತ್ತಿದ್ದಳು, ನನ್ನೊಡನೆ ಮಾತಾಡುತ್ತಿದ್ದಳು. ಶಕುನವನ್ನು ನಂಬುವಷ್ಟು ಶ್ರೀಮಂತಿಕೆ ನನ್ನಲ್ಲಿರಲಿಲ್ಲ. ತಾಟಿನ ಬಣ್ಣ ಬದಲಿಸಿದೆ, ಹೂವು ಬದಲಿಸಿದೆ, ಅಪ್ಪನ ಫೋಟೋ, ದೀಪ, ಬಾಳೆ ಎಲೆ ಮಾತ್ರ ಹಾಗೆಯೇ ಇರುತ್ತಿದ್ದವು.

ಒಂದು ಮಧ್ಯಾಹ್ನ ಎಲ್ಲ ಅಣಿ ಮಾಡಿ ಅವ್ವನನ್ನು ಕರೆದೆ. ಅವಳು ಹೊಸ್ತಿಲಲ್ಲಿ ನಿಲ್ಲಲಿಲ್ಲ. ನೇರ ಬಂದು ಆ ಒಂದೇ ಕುರ್ಚಿಯಲ್ಲಿ, ಆ ಒಂದೇ ತಾಟಿನ ಮುಂದೆ ಕೂತಳು. ಸೆರಗು ಸರಿಮಾಡಿಕೊಂಡಳು. ನನ್ನ ಮುಖ ನೋಡದೆ, ನೆರೆಮನೆಯವರಿಗೆ ಹೇಳುವಂತೆ ಮರ್ಯಾದೆಯಿಂದ ಹೇಳಿದಳು:

"ಎಲ್ಲಾರೂ ಹೊರಗ ನಡೀರಿ. ಬಾಗಲಾ ಮುಂದ ಮಾಡ್ಕೊಳ್ರಿ. ನೀವು ನಿಂತ್ರ ನಾ ಹೆಂಗ ಉಣ್ಣಲಿ?"

"ಅವ್ವಾ, ನಾ ನಿನ್ನ ಮಗಳು. ಇದು ನಿಂದ ಎಡಿ ಅಲ್ಲ, ಇದು ಊಟ," ಎಂದೆ. ನನ್ನ ದನಿ ಏರಿತ್ತು.

"ಅಳಬ್ಯಾಡ್ರಿ," ಎಂದಳು. "ಎಷ್ಟು ದಿನಂತ ಅಳತೀರಿ? ಚಲೋ ಎಡಿ ಇಟ್ಟೀರಿ. ಹೊರಗ ಹೋಗ್ರಿ."

ನಾನು ಕದಲಲಿಲ್ಲ. ಅವಳೂ ತಾಟು ಮುಟ್ಟಲಿಲ್ಲ. ಅನ್ನ ಆರಿತು, ಸಾರಿನ ಮೇಲೆ ಕೆನೆ ಕಟ್ಟಿತು. ಕೊನೆಗೆ ಗಂಡ ಬಂದು ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದರು, ಬಾಗಿಲು ಮುಂದೆ ಮಾಡಿದರು. ಪಡಸಾಲೆಯಲ್ಲಿ ನಿಂತ ನಮಗೆ ಒಳಗೆ ಹಪ್ಪಳ ಮುರಿದ ಸದ್ದು ಕೇಳಿತು. ಆಮೇಲೆ ಪಿಂಗಾಣಿಗೆ ಬಳೆ ತಾಗಿದ ಸದ್ದು.

ಈಗ ಅವ್ವ ಹೀಗೆಯೇ ಉಣ್ಣುತ್ತಾಳೆ. ಫೋಟೋ ತೆಗೆದು ನೋಡಿದೆ, ದೀಪ ಬಿಟ್ಟು ನೋಡಿದೆ, ಮೂರು ತಾಟು ಇಟ್ಟು ಜೊತೆಗೆ ಕೂತು ನೋಡಿದೆ. ಆಗೆಲ್ಲ ಅವಳು ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಾಳೆ, ಹಸಿದರೂ ಕಾಯುತ್ತಾಳೆ. ನಾವು ಹೊರಗೆ ಹೋದರೆ ಉಣ್ಣುತ್ತಾಳೆ. ಒಮ್ಮೆ ತಾಳಲಾರದೆ ನಡುವೆಯೇ ಒಳಗೆ ನುಗ್ಗಿ ಅವ್ವಾ ಎಂದೆ. ಬಾಯಲ್ಲಿದ್ದ ತುತ್ತನ್ನು ತೆಗೆದು ತಾಟಿನಲ್ಲಿಟ್ಟು ಸುಮ್ಮನಾದಳು. ಸತ್ತವರು ಬದುಕಿದವರ ಮುಂದೆ ಉಣ್ಣುವುದಿಲ್ಲ, ಮಾತಾಡುವುದಿಲ್ಲ. ನನ್ನನ್ನು ಹುಡುಗಿ ಎಂದು ಕೂಗುವವರು ಈಗ ಯಾರೂ ಇಲ್ಲ. ಅವಳನ್ನು ಉಳಿಸಿಕೊಳ್ಳಬೇಕೆಂದರೆ ದಿನವೂ ಅವಳಿಗೆ ಎಡೆ ಇಡಬೇಕು. ಇಂಥ ಗತಿ ಯಾವ ಮಗಳಿಗೂ ಬೇಡ.

ಮೊನ್ನೆ ಮಡಗಾಂವಕ್ಕೆ ಕರೆದುಕೊಂಡು ಹೋಗಿದ್ದೆವು. ತೂಕ ಏರಿತ್ತು. ಡಾಕ್ಟರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ, ಎರಡನೆಯ ಸಲ ನಿಲ್ಲಿಸಿ ತೂಗಿದರು. ಇನ್ನು ನಳಿಕೆಯ ಮಾತೇ ಬೇಡ ಎಂದರು. ಏನು ಮಾಡಿದಿರಿ, ಬೇರೆಯವರಿಗೂ ಹೇಳುತ್ತೇನೆ ಎಂದು ಕೇಳಿದರು. ಅವ್ವ ನನ್ನ ಪಕ್ಕದಲ್ಲಿ, ನಾನು ಅಲ್ಲಿಲ್ಲವೆಂಬಂತೆ ಕಿಟಕಿ ನೋಡುತ್ತ ಕೂತಿದ್ದಳು.

"ಬಣ್ಣದ ತಾಟು, ಡಾಕ್ಟರೇ," ಎಂದೆ.