ಅಳಿಸಿಹೋದ ಚುಕ್ಕಿಪಟ್ಟಿ, ಚಿಕ್ಕಮ್ಮನವರ ಬೆರಳು

ಆ ಸೋಮವಾರದ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬಸ್ಸಿನಿಂದಿಳಿದ ಸಿಬ್ಬಂದಿಗೆ ಮುದ್ರಣಾಲಯದ ಗೇಟೇ ಕಾಣುತ್ತಿರಲಿಲ್ಲ. ಕಣ್ಣಿದ್ದವರೆಲ್ಲ ಕೈ ಮುಂದೆ ಚಾಚಿಕೊಂಡು, ಒಬ್ಬರ ಬೆನ್ನಿಗೊಬ್ಬರು ತಗುಲುತ್ತ ತಡವರಿಸುತ್ತಿದ್ದಾಗ, ಹಿಂದಿನಿಂದ ಕೋಲಿನ ಟಕ್ ಟಕ್ ಸದ್ದು ಎಂದಿನ ಲಯದಲ್ಲೇ ಬಂತು.

“ಯಾಕ್ರಪ್ಪಾ, ಎಲ್ಲಾ ನಿಂತ್ಬಿಟ್ರಿ? ಮಂಜಾ? ಬನ್ನಿ ನನ್ನ ಹಿಂದೆ. ಇವತ್ತೊಂದು ದಿನ ನಿಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ.”

ಹಾಗೆ ನಗುತ್ತ ಎಲ್ಲರನ್ನೂ ಏಳು ಮೆಟ್ಟಿಲು ಹತ್ತಿಸಿ ಒಳಗೆ ಸೇರಿಸಿದವರು, ಬೆರಳಿನಿಂದ ಓದುವವರಿಗಾಗಿ ಪುಸ್ತಕ ಸಿದ್ಧಪಡಿಸುವ ನಮ್ಮ ಬ್ರೈಲ್ ಮುದ್ರಣಾಲಯದಲ್ಲಿ ಮೂವತ್ನಾಲ್ಕು ವರ್ಷಗಳ ಕಾಲ ಕರಡು ತಿದ್ದಿ, ತಮ್ಮ ಬೆರಳು ಒಪ್ಪದ ಒಂದು ಹಾಳೆಯೂ ಈ ಬಾಗಿಲು ದಾಟದಂತೆ ಕಾದು, ಈಗ ನಿವೃತ್ತರಾಗಿರುವ ಚಿಕ್ಕಮ್ಮನವರು. ಪುಸ್ತಕ ಹೊಲಿಯುವ ಅಣ್ಣ ಅವರ ಸ್ವಂತ ಅಕ್ಕನ ಮಗ. ಅವನು ಕರೆದದ್ದೇ ನೆಪವಾಗಿ ಇಡೀ ಕಟ್ಟಡಕ್ಕೆ ಅವರು ಚಿಕ್ಕಮ್ಮನಾದರು. ಅವರಿಗಿಂತ ಆರೇ ತಿಂಗಳು ಚಿಕ್ಕವರಾದ ವ್ಯವಸ್ಥಾಪಕರೂ ಅಧಿಕೃತ ಸಭೆಗಳಲ್ಲಿ “ಮಾನ್ಯ ಚಿಕ್ಕಮ್ಮನವರೇ” ಎಂದೇ ಮಾತು ಆರಂಭಿಸುತ್ತಿದ್ದರು.

ಅವರು ಸೇವೆಗೆ ಸೇರಿದ ಕಾಲದಲ್ಲಿ ತಗಡಿನ ಹಾಳೆಯ ಮೇಲೆ ಒಂದೊಂದು ಚುಕ್ಕಿಯನ್ನೂ ಯಂತ್ರದ ಪೆಡಲನ್ನು ಕಾಲಿನಿಂದ ಒತ್ತಿ ಮೂಡಿಸಬೇಕಿತ್ತು. ಅನಂತರ ಕಂಪ್ಯೂಟರ್ ಬಂತು. ಅದಕ್ಕೆ ನಮ್ಮ ಭಾಷೆಯ ಚುಕ್ಕಿ ಕಲಿಸಲು ಬಂದ ಇಂಜಿನಿಯರೊಬ್ಬರು ಚಿಕ್ಕಮ್ಮನವರ ಪಕ್ಕದಲ್ಲಿ ಎರಡು ವರ್ಷ ಕುಳಿತರು. ಯಾವ ಅಕ್ಷರಕ್ಕೆ ಯಾವ ಚುಕ್ಕಿ, ಒತ್ತಕ್ಷರ ಬಂದರೆ ಹೇಗೆ, ಗಣಿತದ ಚಿಹ್ನೆಗೆ ಏನು, ಸಾಲು ಎಲ್ಲಿ ಮುರಿದರೆ ಮಗುವಿನ ಬೆರಳು ಎಡವುವುದಿಲ್ಲ ಎಂಬುದನ್ನೆಲ್ಲ ಇವರು ಹೇಳಿದರು, ಅವರು ಒಂದು ಪಟ್ಟಿ ಮಾಡಿ ಯಂತ್ರದ ಹೊಟ್ಟೆಯೊಳಗೆ ಇಟ್ಟರು. ಕೆಲವು ವರ್ಷಗಳಲ್ಲಿ ಇಂಜಿನಿಯರರು ದೈವಾಧೀನರಾದರು. ಪಟ್ಟಿ ಮಾತ್ರ ಹಗಲೆಲ್ಲ ದುಡಿಯುತ್ತಲೇ ಇತ್ತು.

ತಪ್ಪು ಹಿಡಿಯುವವರು ಸಾಮಾನ್ಯವಾಗಿ ಒರಟಾಗಿರುತ್ತಾರೆ. ಚಿಕ್ಕಮ್ಮನವರ ರೀತಿ ಬೇರೆ. ಹಾಳೆಯಲ್ಲಿ ತಪ್ಪು ಸಿಕ್ಕಿದರೆ ಅದನ್ನು ಮಾಡಿದವರನ್ನು ಕರೆದು, ಅವರ ಬೆರಳನ್ನು ಆ ಜಾಗದ ಮೇಲಿಟ್ಟು, “ಇಲ್ಲಿ ಏನೋ ಚುಚ್ಚುತ್ತಲ್ಲ, ನೋಡು” ಎನ್ನುತ್ತಿದ್ದರು. ಅಷ್ಟೇ. ಒಮ್ಮೆ ವಿಜ್ಞಾನದ ಪುಸ್ತಕದಲ್ಲಿ ಒಂದು ಚುಕ್ಕಿ ಕಡಿಮೆಯಾಗಿದೆಯೆಂದು ದೂರದ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಬರೆದಾಗ, ಆ ಪುಸ್ತಕ ಹೋಗಿದ್ದ ಅಷ್ಟೂ ಶಾಲೆಗಳಿಗೆ ತಿದ್ದುಪಡಿಯ ಚೀಟಿಯನ್ನು ಊಟದ ಬಿಡುವಿನಲ್ಲಿ ಕೂತು ಸ್ವತಃ ಕೈಯಿಂದ ಚುಚ್ಚಿ ಕಳಿಸಿದವರು ಅವರು.

ಇಂಥವರ ಬಳಿಗೆ, ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗ, ಹೊಲಿಗೆಯಣ್ಣನ ಬಾಯಲ್ಲಿ ಬಂದ ದಿನವೇ ‘ಕಂಪ್ಯೂಟರಮ್ಮ’ ಎಂದು ಹೆಸರು ಪಡೆದ ಮಹಿಳೆಯೊಬ್ಬರು ಕೆಲಸಕ್ಕೆ ಸೇರಿದರು. ಆಹ್ವಾನ ಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಒಂಬತ್ತು ವರ್ಷ ದುಡಿದು ಬಂದವರು. ಮನೆಯ ಪಾತ್ರೆ ಹೊಳೆಯುವಂತೆ ಕಂಪ್ಯೂಟರೂ ಹೊಳೆಯಬೇಕು ಎಂಬುದು ಆಕೆಯ ವ್ರತ. ಬೇಡದ್ದನ್ನು ವಾರಕ್ಕೊಮ್ಮೆ ಹುಡುಕಿ ತೆಗೆದುಹಾಕದಿದ್ದರೆ ಆಕೆಗೆ ಭಾನುವಾರದ ಊಟ ರುಚಿಸುತ್ತಿರಲಿಲ್ಲ.

ಅದು ವಾರ್ಷಿಕ ಪರೀಕ್ಷೆಯ ಕಾಲ. ನಲವತ್ತೊಂದು ಮಕ್ಕಳಿಗೆ ನಾಲ್ಕು ವಿಷಯಗಳ ಪ್ರಶ್ನೆಪತ್ರಿಕೆ ಶುಕ್ರವಾರ ಬೆಳಗ್ಗೆ ಇಲ್ಲಿಂದ ಹೊರಡಬೇಕಿತ್ತು. ಶನಿವಾರ ಪ್ರಶ್ನೆಗಳನ್ನು ಬೆರಳಚ್ಚಿಸುತ್ತಿದ್ದಾಗ ಜಾಗವಿಲ್ಲವೆಂದು ಯಂತ್ರ ತಕರಾರು ತೆಗೆಯಿತು. ಕಂಪ್ಯೂಟರಮ್ಮ ಸೆರಗು ಬಿಗಿದು ಶುಚಿಗೆ ನಿಂತರು. ಒಂದು ಮೂಲೆಯಲ್ಲಿ ಯಾವುದೋ ಓಬೀರಾಯನ ಕಾಲದ ಫೈಲು ಸಿಕ್ಕಿತು. ಆಕೆ ಅವಸರ ಮಾಡಲಿಲ್ಲ, ತೆರೆದು ನೋಡಿದರು. ಒಳಗೆ ಅಕ್ಷರವಿಲ್ಲ, ಅಂಕಿಯಿಲ್ಲ. ಸಾಲುಸಾಲಾಗಿ ಅಲ್ಪವಿರಾಮ, ನಕ್ಷತ್ರ, ಪ್ರಶ್ನಾರ್ಥಕ. ಕೆಟ್ಟುಹೋದ ಫೈಲೆಂದು ಅಳಿಸಿದರು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಆಮೇಲೆ ಪ್ರತಿ ಶನಿವಾರದ ಪದ್ಧತಿಯಂತೆ ಎಲ್ಲವನ್ನೂ ನಕಲು ಡಿಸ್ಕಿಗೆ ಇಳಿಸಿದರು. ಇಲ್ಲಿ ಇಲ್ಲದ್ದು ಅಲ್ಲಿಯೂ ಉಳಿಯಬಾರದು ಎಂಬುದು ಆ ನಕಲಿನ ನಿಯಮ. ಅದು ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು.

ಮಂಜಿನ ಸೋಮವಾರ ಆಕೆ ಮೊದಲ ಹಾಳೆ ತೆಗೆದಾಗ ಯಂತ್ರ ಎಂದಿನಂತೆ ಟಕಟಕ ಸದ್ದು ಮಾಡಿತು. ಹಾಳೆ ತುಂಬ ಚುಕ್ಕಿಗಳು ಮುದ್ದಾಗಿ ಎದ್ದು ಬಂದವು. ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಚಿಕ್ಕಮ್ಮನವರು ಹಾಳೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟರು. ಬೆರಳು ಅರ್ಧ ಸಾಲು ಹೋಗಿ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಹೋಗಿ ನಿಂತಿತು.

“ಇದ್ಯಾವ ಭಾಷೆ ಕಣಮ್ಮಾ?”

“ನಮ್ದೇ ಚಿಕ್ಕಮ್ಮಾ. ಸಮಾಜ ವಿಜ್ಞಾನ.”

“ಯಾವ ಸಮಾಜದ್ದು ಅಂತ! ಒಂದಕ್ಷರಾನೂ ನಮ್ದಲ್ಲ.”

ಪಟ್ಟಿ ಸಿಗದ ಯಂತ್ರ ಸುಮ್ಮನಿರಲಾರದೆ ತನಗೆ ತೋಚಿದ ಚುಕ್ಕಿಯನ್ನೆಲ್ಲ ಚುಚ್ಚಿತ್ತು. ದುರಸ್ತಿಯವನು ಬಂದು ಮಧ್ಯಾಹ್ನದವರೆಗೆ ಹುಡುಕಿದ. ಅಳಿಸಿದ ಜಾಗದ ಮೇಲೆ ಬೇರೇನೋ ಬರೆದುಹೋಗಿದೆ, ಇನ್ನು ಸಿಗುವುದಿಲ್ಲ ಎಂದ. ಬೇರೆ ಮುದ್ರಣಾಲಯಗಳ ಪಟ್ಟಿ ಈ ಹಳೆಯ ಯಂತ್ರಕ್ಕೆ ಹೊಂದುವುದಿಲ್ಲ. ಕೈಯಿಂದ ಚುಚ್ಚೋಣವೆಂದರೆ ನಲವತ್ತೊಂದು ಮಕ್ಕಳು, ನಾಲ್ಕು ಪತ್ರಿಕೆ, ನಾಲ್ಕೇ ದಿನ. ಪತ್ರಿಕೆ ಹೋಗದಿದ್ದರೆ ಪ್ರಶ್ನೆಯನ್ನು ಯಾರೋ ಗಟ್ಟಿಯಾಗಿ ಓದುತ್ತಾರೆ, ಮಕ್ಕಳು ಕೇಳಿಸಿಕೊಂಡಷ್ಟಕ್ಕೆ ಉತ್ತರ ಬರೆಯಬೇಕು. ವರ್ಷವೆಲ್ಲ ಬೆರಳಿನಿಂದ ಓದಿ, ಪರೀಕ್ಷೆಯ ದಿನ ಮತ್ತೊಬ್ಬರ ಬಾಯಿಗೆ ಕಾಯಬೇಕು.

ಕಂಪ್ಯೂಟರಮ್ಮ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಾಗ ಕೋಲಿನ ಸದ್ದು ಪಕ್ಕಕ್ಕೆ ಬಂದು ನಿಂತಿತು.

“ನಾನು ತೆಗೆದು ನೋಡ್ದೆ ಚಿಕ್ಕಮ್ಮಾ. ಬರೀ ಚಿಹ್ನೆ. ಕಸ ಅನ್ಕೊಂಡೆ.”

“ಕಣ್ಣಿಗೆ ಹಾಗೇ ಕಾಣುತ್ತಂತೆ. ಇಂಜಿನಿಯರೂ ಅಂತಿದ್ರು, ಕೋಳಿ ಕೆದರಿದ ಹಾಗಿದೆ ಅಂತ.”

“ಸಾರ್‌ಗೆ ಏನಂತ ಹೇಳ್ಲಿ? ವೈರಸ್ ಬಂದಿತ್ತು ಅಂದ್ರೆ...”

“ಬಾಯಿಲ್ಲ ಅಂತ ಅದರ ತಲೆಗೆ ಕಟ್ತೀಯಾ ಪಾಪ? ಆದದ್ದನ್ನ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ. ನಿನ್ನ ಬದಲು ಮಾತಾಡಲ್ಲ, ಎದ್ದೂ ಹೋಗಲ್ಲ.”

ಹಾಗೆಯೇ ಆಯಿತು. ವ್ಯವಸ್ಥಾಪಕರು ಕೇಳುತ್ತ ಕೇಳುತ್ತ ಕೆಂಪಾದರು. “ನಲವತ್ತೊಂದು ಮಕ್ಕಳು ಕಣಮ್ಮಾ! ನಲವತ್ತೊಂದು!” ಎಂದು ಮೇಜು ಗುದ್ದಿದರು. ಆಗ ಚಿಕ್ಕಮ್ಮನವರು ಕುರ್ಚಿಯಿಂದ ಏಳದೆಯೇ ಹೇಳಿದರು: “ಬಯ್ಯೋದನ್ನ ಶುಕ್ರವಾರ ಸಾಯಂಕಾಲಕ್ಕೆ ಇಟ್ಕೊಳ್ಳಿ ಸಾರ್. ಈಗ ಕೆಲಸ ಇದೆ.”

ಅಕ್ಷರಗಳ ಚುಕ್ಕಿಯನ್ನು ಅವರು ಅರ್ಧ ಗಂಟೆಯಲ್ಲಿ ಬಾಯಿಂದಲೇ ಹೇಳಿ ಬರೆಸಿಬಿಟ್ಟರು. ಆದರೆ ಇಂಜಿನಿಯರರೊಡನೆ ಕೂತು ಒಂದೊಂದಾಗಿ ತೀರ್ಮಾನಿಸಿದ ನೂರಾರು ಸಣ್ಣ ನಿಯಮಗಳು ಮಾತಿಗೆ ಸಿಗಲಿಲ್ಲ. “ಬಾಯನ್ನ ಕೇಳಿದ್ರೆ ಗೊತ್ತಿಲ್ಲ ಅನ್ನುತ್ತೆ, ಬೆರಳನ್ನ ಕೇಳ್ಬೇಕು. ಏನಾದ್ರೂ ಮುಟ್ಟೋಕೆ ಕೊಡ್ರೋ” ಎಂದರು. ಕೊಡಲು ಏನಿತ್ತು? ಪುಸ್ತಕಗಳೆಲ್ಲ ದೂರದೂರದ ಶಾಲೆಗಳಿಗೆ ಹೋಗಿದ್ದವು. ಉಗ್ರಾಣದಲ್ಲಿ ಉಳಿದ ಪ್ರತಿಗಳು ಒಂದರ ಮೇಲೊಂದು ಬಿದ್ದು, ಭಾರಕ್ಕೆ ಚುಕ್ಕಿಯೆಲ್ಲ ಕುಸಿದು ಬರಿಯ ದಪ್ಪ ಕಾಗದವಾಗಿದ್ದವು.

ಮಂಗಳವಾರ ಚಿಕ್ಕಮ್ಮನವರು ಮನೆಯಿಂದ ತಮ್ಮ ಪ್ರಾರ್ಥನೆಯ ಪುಸ್ತಕ ತಂದರು. ಪಟ್ಟಿ ಸಿದ್ಧವಾದಾಗ ಅದು ಸರಿಯಿದೆಯೇ ನೋಡಲೆಂದು ಇಂಜಿನಿಯರರು ಮೊಟ್ಟಮೊದಲು ತೆಗೆದ ಪುಸ್ತಕವದು. ಚಿಕ್ಕಮ್ಮನವರಿಗೆ ಕಂಠಪಾಠವಾಗಿದ್ದದ್ದರಿಂದ ತಪ್ಪಾದರೆ ತಟ್ಟನೆ ಗೊತ್ತಾಗಲೆಂದು ಪ್ರಾರ್ಥನೆಯನ್ನೇ ಆರಿಸಿದ್ದರು. ಕೊನೆಯಲ್ಲಿ ಕೂಡುವ ಕಳೆಯುವ ಲೆಕ್ಕಗಳನ್ನೂ ಸೇರಿಸಿ, ದೇವರಿಗೂ ಸ್ವಲ್ಪ ಗಣಿತ ಬರಲಿ ಎಂದು ನಕ್ಕು, ಎಪ್ಪತ್ತೆರಡು ಹಾಳೆಗಳನ್ನು ಕಟ್ಟಿಸಿ ಕೊಟ್ಟಿದ್ದರು. ಅಂದಿನಿಂದ ಪ್ರತಿ ಬೆಳಗ್ಗೆ ಸ್ನಾನವಾದ ಮೇಲೆ ಚಿಕ್ಕಮ್ಮನವರ ಬೆರಳು ಮೊದಲು ಮುಟ್ಟುತ್ತಿದ್ದದ್ದು ಅದನ್ನೇ.

ಹೊಲಿಗೆ ಬಿಗಿಯಾಗಿತ್ತು, ಬೆನ್ನಿನ ಹತ್ತಿರದ ಚುಕ್ಕಿಗಳಿಗೆ ಬೆರಳು ಹೋಗುತ್ತಿರಲಿಲ್ಲ. ಬಿಚ್ಚು ಎಂದಾಗ ಹೊಲಿಗೆಯಣ್ಣ ಹಿಂಜರಿದ.

“ಪ್ರಾರ್ಥನೆ ಪುಸ್ತಕ ಚಿಕ್ಕಮ್ಮಾ. ಕತ್ತರಿ ಹಾಕೋಕೆ ಕೈ ಬರಲ್ಲ.”

“ದೇವರೇನು ನಿನ್ನ ದಾರದೊಳಗೆ ಕೂತಿದಾನೇನೋ? ಬಿಚ್ಚೋ, ಮಕ್ಕಳು ಕಾಯ್ತಿದಾರೆ.”

ಮೂರು ದಿನ ಆ ಕೋಣೆಯಲ್ಲಿ ಒಂದರಿಂದ ಆರರವರೆಗಿನ ಚುಕ್ಕಿಯ ಸಂಖ್ಯೆಗಳಲ್ಲದೆ ಬೇರೆ ಮಾತಿರಲಿಲ್ಲ. “ಒಂದು, ಮೂರು, ನಾಲ್ಕು. ಆಮೇಲೆ ಒಂಟಿ ನಾಲ್ಕು. ಇಲ್ಲಿ ಜಾಗ ಬಿಟ್ಟಿದೀವಿ, ಬರ್ಕೋ.” ಚಿಕ್ಕಮ್ಮನವರ ಬೆರಳು ಹೇಳುತ್ತಿತ್ತು, ಕಂಪ್ಯೂಟರಮ್ಮನವರ ಬೆರಳು ಬರೆಯುತ್ತಿತ್ತು. ಒಂದು ಹಾಳೆ ಮುದ್ರಿಸಿ ಹಳೆಯದರ ಪಕ್ಕ ಇಟ್ಟು ಹೋಲಿಸುವುದು, ತಪ್ಪಿದಲ್ಲಿ ಮತ್ತೆ ತಿದ್ದುವುದು. ಬುಧವಾರದ ಹೊತ್ತಿಗೆ ಚಿಕ್ಕಮ್ಮನವರ ಬೆರಳ ತುದಿ ಜೋಮು ಹಿಡಿದು ಚುಕ್ಕಿ ಎರಡೋ ಮೂರೋ ತಿಳಿಯದಾಯಿತು. ಕೈಯನ್ನು ತಣ್ಣೀರಿನಲ್ಲಿ ಅದ್ದಿ, ಒರೆಸಿಕೊಂಡು, ಎಡಗೈಯ ಬೆರಳಿಗೆ ಬದಲಾಯಿಸಿದರು. “ಇದು ಸೋಮಾರಿ. ಇಷ್ಟು ವರ್ಷ ಕೂತು ಉಂಡಿದೆ, ಈಗ ದುಡೀಲಿ” ಎಂದರು. ಕಂಪ್ಯೂಟರಮ್ಮ ನಗಲು ಹೋಗಿ, ನಗಲಾರದೆ ತಲೆ ತಗ್ಗಿಸಿಕೊಂಡರು.

ಗುರುವಾರ ಮೂರು ಗಂಟೆಗೆ ಯಂತ್ರ ಸಮಾಜ ವಿಜ್ಞಾನದ ಮೊದಲ ಹಾಳೆಯನ್ನು ಹೊರಹಾಕಿತು. ವ್ಯವಸ್ಥಾಪಕರು ಬಾಗಿಲಲ್ಲಿ ಬಂದು ನಿಂತರು. ಹೊಲಿಗೆಯಣ್ಣ ಸೂಜಿ ಹಿಡಿದೇ ಬಂದ. ಕಂಪ್ಯೂಟರಮ್ಮ ಕಣ್ಣು ಮುಚ್ಚಿಕೊಂಡರು. ಚಿಕ್ಕಮ್ಮನವರ ಬೆರಳು ಸಾಲಿನ ತುದಿಯವರೆಗೆ ಎಲ್ಲಿಯೂ ನಿಲ್ಲದೆ ಹರಿಯಿತು.

“‘ಎಲ್ಲಾ ಪ್ರಶ್ನೆಗಳಿಗೂ ಉತ್ತರಿಸಿ.’ ಅಂತಿದೆ ಕಣಮ್ಮಾ,” ಎಂದರು. “ಉತ್ತರ ನಂಗೊತ್ತಿಲ್ಲ, ಪ್ರಶ್ನೆ ಮಾತ್ರ ಸರಿಯಾಗಿದೆ.”

ಶುಕ್ರವಾರ ಬೆಳಗ್ಗೆ ನಲವತ್ತೊಂದು ಕಟ್ಟುಗಳು ಹೊರಟವು. ಸಂಜೆಗೆಂದು ಇಟ್ಟುಕೊಂಡಿದ್ದ ಬೈಗುಳವನ್ನು ವ್ಯವಸ್ಥಾಪಕರು ಮರೆತರು, ಇಲ್ಲವೇ ಮರೆತಂತೆ ಮಾಡಿದರು. ಅದೇ ವಾರ ಪಟ್ಟಿಯನ್ನು ನಾಲ್ಕು ಕಡೆ ನಕಲು ಮಾಡಿ, ಐದನೆಯದನ್ನು ಕಾಗದದ ಮೇಲೆ ಬರೆದು ಕಬ್ಬಿಣದ ಬೀರುವಿನಲ್ಲಿಟ್ಟರು.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತು. ಮೇಜಿನ ಮೇಲೆ ಉಳಿದ ಎಪ್ಪತ್ತೆರಡು ಹಾಳೆಗಳ ಸಂಗತಿ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. “ಹೊಲಿಸಿ ಕೊಡ್ತೀನಿ ಚಿಕ್ಕಮ್ಮಾ” ಎಂದು ಕಂಪ್ಯೂಟರಮ್ಮ ಅವನ್ನು ಎತ್ತಿಕೊಂಡಿದ್ದರು. ಹೊಲಿಗೆಯಣ್ಣ ಒಂದು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, “ಹೊಲಿಯೋದೇನೋ ಹೊಲೀತೀನಿ ತಂಗಿ. ಆದ್ರೆ ಓದೋಕೆ ಏನುಳಿದಿದೆ?” ಎಂದ. ಮೂರು ದಿನದ ಉಜ್ಜಾಟಕ್ಕೆ, ಬೆವರಿಗೆ, ಚುಕ್ಕಿಗಳು ಕಾಗದದೊಳಗೆ ಇಂಗಿಹೋಗಿದ್ದವು.

ಅದೇ ಯಂತ್ರದಲ್ಲಿ ಹೊಸ ಪ್ರತಿ ತೆಗೆಯಲು ಹತ್ತು ನಿಮಿಷ ಸಾಕಿತ್ತು. ಆಕೆಗೆ ಮನಸ್ಸಾಗಲಿಲ್ಲ. ಹೋಗಿಬಿಟ್ಟ ಇಂಜಿನಿಯರರು ಕೊಟ್ಟ ಹಾಳೆಯದು. ಅದಕ್ಕೆ ಬದಲು ಮತ್ತೊಂದು ಹಾಳೆಯಲ್ಲ. ಆಕೆ ಮೊದಲು ಬೆರಳಿನಿಂದ ಓದುವುದನ್ನು ಕಲಿತರು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಹಾಳೆಯನ್ನು ಮಗುಚಿ ಹಾಕಿ, ಇಂಗಿದ ಒಂದೊಂದು ಚುಕ್ಕಿಯನ್ನೂ ತಡವಿ ಗುರುತಿಸಿ, ಮೊನೆಯ ಕಡ್ಡಿಯಿಂದ ಹಿಂದಿನಿಂದ ಮೆಲ್ಲನೆ ಒತ್ತಿ ಎಬ್ಬಿಸತೊಡಗಿದರು. ಜೋರಾದರೆ ಹಾಳೆ ಹರಿಯುತ್ತದೆ, ಮೆತ್ತಗಾದರೆ ಚುಕ್ಕಿ ಏಳುವುದಿಲ್ಲ. ಒಂದು ಹಾಳೆಗೆ ಒಂದು ಭಾನುವಾರ, ಕೆಲವಕ್ಕೆ ಎರಡು. ಇಷ್ಟೂ ಕಾಲ ಚಿಕ್ಕಮ್ಮನವರು ಪ್ರಾರ್ಥನೆಯನ್ನು ನೆನಪಿನಿಂದ ಹೇಳಿಕೊಂಡರು. ದಿನವೂ ಪಕ್ಕದಲ್ಲೇ ಕೂತು ಕರಡು ತಿದ್ದಿದರು, ಬುತ್ತಿ ಹಂಚಿಕೊಂಡು ಉಂಡರು. ಪುಸ್ತಕ ಎಲ್ಲಿ ಎಂದು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಕೊಟ್ಟದ್ದನ್ನು ನೆನಪಿಸದಿರುವುದೂ ಒಂದು ದಾನವೆಂದು ಕಂಪ್ಯೂಟರಮ್ಮ ಆ ಮೌನದಿಂದ ತಿಳಿದರು.

ಇಂಥ ಹಿರಿಯರು ನಮ್ಮ ನಡುವೆ ನಡೆದಾಡಿದರು ಎಂಬುದೇ ಈ ಮನೆಗೆ ಸಂದ ಅನುಗ್ರಹ. ಕಾಣದ ಕೈಯೊಂದು ಎಲ್ಲರ ಸಾಲನ್ನೂ ಓದುತ್ತಿದೆಯೆಂದು ನಂಬಿ ಬಾಳಿದವರು ಅವರು. ಆ ಕೈ ಅವರ ಆಯುಷ್ಯದ ಸಾಲನ್ನು ಬಹುದೂರ ಬೆಳೆಸಲಿ, ಅವರ ಬೆರಳ ತುದಿಗೆ ಚುರುಕು ಬತ್ತದಿರಲಿ. ಹೊಸಬರಿಗೆ ಕಲಿಸಲು ವಾರಕ್ಕೆರಡು ದಿನ ಬರುತ್ತೇನೆಂದು ಅವರು ಮಾತು ಕೊಟ್ಟಿದ್ದಾರೆ. ಆ ಎರಡು ದಿನಗಳಿಗಾಗಿ ನಾವು ಉಳಿದ ದಿನಗಳನ್ನು ಕಳೆಯುತ್ತೇವೆ.

ಅವರ ಸೇವೆಯ ಕೊನೆಯ ದಿನ, ಹಾರ ಭಾಷಣಗಳೆಲ್ಲ ಮುಗಿದು ಜನ ಕರಗಿದ ಮೇಲೆ, ಚಿಕ್ಕಮ್ಮನವರು ತಮ್ಮ ಮೇಜಿನ ಮುಂದೆ ಒಬ್ಬರೇ ಕುಳಿತಿದ್ದರು. ಕಂಪ್ಯೂಟರಮ್ಮ ಒಳಗೆ ಬಂದು, ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿ ಅವರ ಮಡಿಲಲ್ಲಿಟ್ಟರು.

“ಹೊಲಿಸಿ ತಂದಿದೀನಿ ಚಿಕ್ಕಮ್ಮಾ. ತಡ ಆಯ್ತು.”

ಚಿಕ್ಕಮ್ಮನವರ ಬೆರಳು ಮೊದಲ ಸಾಲಿನ ಮೇಲೆ ಇಳಿಯಿತು. ತುಟಿ ಸದ್ದಿಲ್ಲದೆ ಅಲುಗತೊಡಗಿತು. ಕಂಪ್ಯೂಟರಮ್ಮ ಬಟ್ಟೆಯನ್ನು ಮಡಚಿಕೊಂಡು, ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿ, ಹೊರಗೆ ಬಂದರು.