ಪರಸ್ಥಾನದ ಚೀಲ

ನಾನು ಅಂಜುಬುರುಕಿ. ಈ ಒಂದು ಮಾತು ಬರೆಯುವುದಕ್ಕೆ ನನಗೆ ನಲವತ್ತೆಂಟು ವರ್ಷ ಬೇಕಾದವು. ಕುಷ್ಟಗಿಯಲ್ಲಿ ನನ್ನನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಗ್ರಹಣದ ಹೊತ್ತಿನಲ್ಲಿ ಮಕ್ಕಳನ್ನು ಮೈದಾನದಲ್ಲಿ ಕೂಡಿಸಿಕೊಂಡು ಮಂಡಕ್ಕಿ ತಿಂದು ತೋರಿಸಿದವಳು. ಬೆಕ್ಕು ಅಡ್ಡ ಬಂದರೆ ಸ್ಕೂಟಿ ನಿಲ್ಲಿಸದವಳು. ಮಗಳನ್ನು ದೂರದ ಕಾಲೇಜಿಗೆ ಕಳಿಸಲು ಹಿಂದೇಟು ಹಾಕುವವರ ಮನೆಗೆ ಹೋಗಿ, ಅವರದೇ ಚಹಾ ಕುಡಿದು, ಅವರಿಗೇ ನಾಲ್ಕು ಮಾತು ಅಂದು ಬಂದವಳು. ಊರ ಮಂದಿ ನನ್ನನ್ನು ಗಟ್ಟಿ ಹೆಣಮಗಳು ಅನ್ನುತ್ತಾರೆ. ಆ ಹೆಸರು ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಎರಡು ವರ್ಷದ ಹಿಂದೆ ಡಿಗ್ರಿ ಕೊನೆಯ ವರ್ಷದಲ್ಲಿದ್ದ ಮಗಳು ಒಂದು ಮುಂಜಾನೆ ಹೈದರಾಬಾದಿನ ಮಾತು ತೆಗೆದಳು. ಅವಳಿಗೆ ಪ್ರಾಣವಾದ ಒಂದು ಬ್ಯಾಂಡ್ ಇತ್ತು. ಐವರು ಹುಡುಗರು, ಹಿಂದಿಯಲ್ಲಿ ಹಾಡುತ್ತಾರೆ. ನನ್ನ ಕಿವಿಗೆ ಎಲ್ಲ ಹಾಡೂ ಒಂದೇ. ಆದರೆ ಅವಳು ರೊಟ್ಟಿ ಬಡಿಯುವುದೂ ಅವರ ತಾಳಕ್ಕೇ, ಹೀಗಾಗಿ ಆ ವರ್ಷ ನಮ್ಮ ಮನೆಯ ರೊಟ್ಟಿಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆ ಬ್ಯಾಂಡ್ ಒಂದು ಭಾನುವಾರ ಸಂಜೆ ಹಾಡಲು ಹೈದರಾಬಾದಿಗೆ ಬರುತ್ತದಂತೆ, ಗಂಗಾವತಿಯ ಇಬ್ಬರು ಗೆಳತಿಯರು ಹೊರಟಿದ್ದಾರಂತೆ, ಅದರಲ್ಲಿ ಒಬ್ಬಳ ಚಿಕ್ಕಮ್ಮನ ಮನೆ ಅಲ್ಲೇ ಇದೆಯಂತೆ. ಅವಳ ಮಾತು ಮುಗಿಯುವ ಮೊದಲೇ ನಾನು "ಹೋಗಿ ಬಾ" ಅಂದುಬಿಟ್ಟೆ. ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ನನ್ನ ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಹೇಳಬೇಕಿತ್ತಲ್ಲ, ಆ ಹಟ. ಯಲಬುರ್ಗಾದಲ್ಲಿ ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುವ ಗಂಡನಿಗೆ ಫೋನ್ ಮಾಡಿದರೆ, ನೀನು ಹ್ಞೂಂ ಅಂದ ಮೇಲೆ ನನ್ನದೇನು ಅಂದರು.

ಅದೇ ವಾರ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಎಲ್ಲಿಯದೋ, ಯಾವ ಊರೋ. ಒಂದು ದೊಡ್ಡ ಗೇಟು, ಅದರ ಮುಂದೆ ಖಾಲಿ ರಸ್ತೆ, ರಸ್ತೆ ತುಂಬ ಚಪ್ಪಲಿಗಳು. ಮನುಷ್ಯರು ಯಾರೂ ಇಲ್ಲ. ನೂಕುನುಗ್ಗಲಿನಲ್ಲಿ ಮಂದಿ ಒಬ್ಬರ ಮೇಲೊಬ್ಬರು ಬಿದ್ದು ಸತ್ತ ಮೇಲೆ ತೆಗೆದದ್ದಂತೆ. ಅದರಲ್ಲಿ ಹೆಣ್ಣುಮಕ್ಕಳ ಚಪ್ಪಲಿಗಳೇ ನನ್ನ ಕಣ್ಣಿಗೆ ಬಿದ್ದವು. ಫೋನನ್ನು ಬೋರಲು ಹಾಕಿ ಕ್ಲಾಸಿಗೆ ಹೋದೆ. ಒತ್ತಡದ ಪಾಠ ಅವತ್ತು. ಒಂದು ಚದರ ಮೀಟರಿನ ಮೇಲೆ ಇಷ್ಟು ಬಲ ಬಿದ್ದರೆ ಎಂದು ಬೋರ್ಡಿನ ಮೇಲೆ ಬರೆಯುವಾಗ ಅಂಕಿ ಎರಡು ಸಲ ತಪ್ಪಿತು. ಸೀಮೆಸುಣ್ಣ ಸಣ್ಣದಾಗಿದೆ ಎಂದು ಬೇರೆ ತರಿಸಿದೆ.

ಈಗ ಬೇಡ ಅನ್ನುವುದು ಹೇಗೆ? ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ. ಸ್ಟಾಫ್ ರೂಮಿನಲ್ಲಿ ಆಗಲೇ ಹೇಳಿಕೊಂಡು ಆಗಿತ್ತು, ಅವರೆಲ್ಲ ಮೆಚ್ಚಿಯೂ ಆಗಿತ್ತು. ಹಾಗಾಗಿ ಬೇಡ ಅನ್ನುವ ಬದಲು ನಾನು ಅವಳ ಜೊತೆ ಪ್ರವಾಸದ ಯೋಜನೆಗೆ ಕೂತೆ. ಅಷ್ಟು ದೂರ ಹೋಗುತ್ತೀ, ಬರೀ ಹಾಡು ಕೇಳಿ ಬರುತ್ತೀಯಾ ಅಂದೆ. ಚಾರ್ಮಿನಾರ್ ಹಾಕಿದೆ, ದೊಡ್ಡ ಗಡಿಯಾರವಿರುವ ಮ್ಯೂಸಿಯಂ ಹಾಕಿದೆ, ಕೆರೆ ನಡುವಿನ ಬುದ್ಧನನ್ನು ಹಾಕಿದೆ. ಗೋಲ್ಕೊಂಡ ಕೋಟೆಯನ್ನು ಬೇಕೆಂದೇ ಭಾನುವಾರ ಮಧ್ಯಾಹ್ನಕ್ಕೆ ಹಾಕಿದೆ. ಬಿಸಿಲಿನಲ್ಲಿ ಅಷ್ಟು ಮೆಟ್ಟಿಲು ಹತ್ತಿ ಇಳಿದವಳು ಸಂಜೆ ಆರಕ್ಕೆ ಬ್ಯಾಂಡಿನ ಮುಂದೆ ಹೋಗಿ ನಿಲ್ಲಲಾರಳು, ಹಾಸಿಗೆ ಹುಡುಕುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಹತ್ತಿರದ ಇಟಗಿ ಗುಡಿಗೆ ಹತ್ತು ಸಲ ಕರೆದರೂ ಬಾರದವಳು ಕೋಟೆ ಹತ್ತಲು ಹೈದರಾಬಾದಿಗೆ ಹೊರಟಳು ಎಂದು ಅತ್ತೆ ಗೊಣಗಿದರು. ಮಗಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಗೋಲ್ಕೊಂಡವನ್ನು ಶನಿವಾರ ಮುಂಜಾನೆಗೆ ಸರಿಸಿದಳು.

ಗಂಗಾವತಿಯಿಂದ ಬಸ್ಸು ಶುಕ್ರವಾರ ಸಂಜೆ. ಶುಕ್ರವಾರ ಹೆಣ್ಣುಮಗಳನ್ನು ಮನೆಯಿಂದ ಹೊರಗೆ ಕಳಿಸಬಾರದು ಎಂದು ಅತ್ತೆ ಪಟ್ಟು ಹಿಡಿದರು. ಅದಕ್ಕೆ ಅವರ ಬಳಿ ಪರಿಹಾರವೂ ಇತ್ತು: ಪರಸ್ಥಾನ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಒಳ್ಳೆಯ ದಿನ ನೋಡಿ ಚೀಲವನ್ನು ಮುಂಚೆಯೇ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದ ಹಾಗೆ. ಒಂದೇ ಕಟ್ಟಳೆ, ಹಾಗೆ ಹೊರಗಿಟ್ಟ ಚೀಲ ತಿರುಗಿ ಮನೆಯೊಳಗೆ ಬರಬಾರದು. ಬಂದರೆ ಹೊರಟದ್ದು ಕೆಟ್ಟಿತು, ಆ ಪ್ರಯಾಣವನ್ನು ಬಿಡಬೇಕು. ನಾನು ನಕ್ಕೆ. ಗುರುವಾರ ಮುಂಜಾನೆ ಅತ್ತೆ ಚೀಲಕ್ಕೆ ಕುಂಕುಮ ಹಚ್ಚಿ, ಹೇಮಗುಡ್ಡದ ದುರ್ಗಮ್ಮನ ಹೆಸರು ಹೇಳಿ, ಎದುರು ಮನೆಯ ಟೇಲರ್ ಹೆಂಗಸಿನ ಮನೆಯಲ್ಲಿ ಇಟ್ಟು ಬಂದರು.

ಶುಕ್ರವಾರ ಶಾಲೆಯಲ್ಲಿ ಮೂರನೇ ಪೀರಿಯಡ್ ನಡೆದಾಗ ನನಗೆ ಆ ಯೋಚನೆ ಬಂತು. ಬಂದಾಗ ಎಷ್ಟು ಸುಲಭವೆನಿಸಿತೆಂದರೆ, ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಅಂದುಕೊಂಡೆ. ಊಟದ ಬಿಡುವಿನಲ್ಲಿ ಸ್ಕೂಟಿ ಹತ್ತಿ ಬಂದು ಟೇಲರ್ ಹೆಂಗಸಿನಿಂದ ಚೀಲ ಕೇಳಿದೆ. ಶೇಂಗಾ ಚಟ್ನಿ ಇಡುವುದಿದೆ ಎಂದೆ. ಆಕೆ ಮಷೀನಿನಿಂದ ಕಾಲು ತೆಗೆದು ನನ್ನನ್ನು ನೋಡಿದಳು.

"ಹೊರಗಿಟ್ಟಿದ್ದು ಒಳಗ ಒಯ್ಯಬಾರದ್ರಿ ಅಕ್ಕೋರ. ಚಟ್ನಿ ಇಲ್ಲೇ ತರ್ರಿ."

ಅದೆಲ್ಲ ಏನೂ ಆಗುವುದಿಲ್ಲ ಎಂದು ಎಂದಿನ ಧಾಟಿಯಲ್ಲಿ ಹೇಳಿ ಚೀಲ ತಂದು ನಮ್ಮ ಪಡಸಾಲೆಯ ನಟ್ಟನಡುವೆ ಇಟ್ಟೆ. ಅತ್ತೆ ಶುಕ್ರವಾರದ ಪೂಜೆಗೆ ಗುಡಿಗೆ ಹೋಗಿದ್ದರು, ಮಗಳು ಹಾಲ್‌ಟಿಕೆಟ್ ತರಲು ಕಾಲೇಜಿಗೆ. ಗುಡಿಯಿಂದ ಬಂದ ಅತ್ತೆ ಚೀಲ ಕಂಡರೆ ಸಾಕು, ಮನೆ ಮೇಲೆ ಕೆಳಗೆ ಮಾಡುತ್ತಾರೆ. ಹುಡುಗಿ ಹೋಗುವುದಿಲ್ಲ. ನಾನು ಐದು ಗಂಟೆಗೆ ಬಂದು, ಅಯ್ಯೋ ಚಟ್ನಿ ಇಡಲು ತಂದಿದ್ದೆ, ಇದೆಲ್ಲ ಮೂಢನಂಬಿಕೆ ಎಂದು ಜಗಳವಾಡಿ, ಸೋಲುತ್ತೇನೆ. ಸಮಾಧಾನದಿಂದ ಶಾಲೆಗೆ ಹೋದೆ. ಬಹಳ ದಿನದ ಮೇಲೆ ಅವತ್ತು ಚೆನ್ನಾಗಿ ಪಾಠ ಮಾಡಿದೆ.

ಐದಕ್ಕೆ ಬಂದರೆ ಪಡಸಾಲೆ ಖಾಲಿ. ಅತ್ತೆ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಗೆಳತಿಯರು ಬೇಗ ಬಾ ಅಂದರೆಂದು ಮೊಮ್ಮಗಳು ತಾವು ಗುಡಿಯಲ್ಲಿದ್ದಾಗಲೇ ಹೊರಟಳೆಂದೂ, ಗುಡಿಗೇ ಬಂದು ಕಾಲಿಗೆ ಬಿದ್ದು ಹೋದಳೆಂದೂ ಖುಷಿಯಿಂದ ಹೇಳಿದರು. ಚೀಲವನ್ನು ಅವಳು ಎಲ್ಲಿಂದ ತೆಗೆದುಕೊಂಡಳು ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಸ್ಸಿನಿಂದ ಮಗಳ ಫೋನ್ ಬಂತು. ಚೀಲ ಮನೆಗೇ ತಂದಿಟ್ಟದ್ದು ಒಳ್ಳೆಯದಾಯಿತು, ಹೋಗಿ ಬರುತ್ತೇನೆ ಅಂದಳು.

ಅಂದಿನಿಂದ ಭಾನುವಾರ ಸಂಜೆಯವರೆಗೆ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಚೀಲಕ್ಕೂ ಗುಂಪಿಗೂ ಏನು ಸಂಬಂಧ ಎಂದು ಮಕ್ಕಳಿಗೆ ಕೇಳುವ ಹಾಗೆ ನನಗೇ ಕೇಳಿಕೊಂಡೆ. ಸಂಬಂಧವಿಲ್ಲ ಎಂದು ಉತ್ತರವನ್ನೂ ಹೇಳಿಕೊಂಡೆ. ಆದರೂ ಅನ್ನ ಇಳಿಯಲಿಲ್ಲ. ಅವಳು ಹೋಗುವುದೇ ಒಂದು ಭಯವಾಗಿತ್ತು. ಈಗ ನಾನೇ ನನ್ನ ಕೈಯಾರೆ ಅವಳ ದಾರಿ ಕೆಡಿಸಿ ಕಳಿಸಿದ ಭಯ ಅದರ ಮೇಲೆ ಕೂತಿತು. ಗೋಲ್ಕೊಂಡದ ಫೋಟೋ ಬಂತು, ಗಡಿಯಾರದ ಫೋಟೋ ಬಂತು. ಒಂದೊಂದರಲ್ಲೂ ಅವಳ ಕಾಲಲ್ಲಿ ಚಪ್ಪಲಿ ಇದೆಯೇ ಎಂದು ನೋಡಿದೆ.

ಭಾನುವಾರ ಆರಕ್ಕೆ ಫೋನ್ ಮಾಡಿದೆ. ಸ್ವಿಚ್ ಆಫ್. ಆರೂವರೆಗೆ ಸ್ವಿಚ್ ಆಫ್. ಗೆಳತಿಯರ ಫೋನ್ ರಿಂಗ್ ಆಗುತ್ತಿತ್ತು, ಎತ್ತುವವರಿಲ್ಲ. ಏಳಕ್ಕೆ ಅತ್ತೆ ದೀಪ ಹಚ್ಚಿ ಎದ್ದಾಗ ನಾನು ಅವರ ಮುಂದೆ ಕುಸಿದು ಕೂತು ಎಲ್ಲವನ್ನೂ ಹೇಳಿದೆ. ಚೀಲ ಒಳಗೆ ತಂದದ್ದು ನಾನು, ಬೇಕೆಂದೇ ತಂದದ್ದು, ಏನಾದರೂ ಆದರೆ ನನ್ನಿಂದಲೇ ಅಂದೆ. ಬಯ್ಯುತ್ತಾರೆ, ಹಣೆ ಬಡಿದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಕಡ್ಡಿಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು ನನ್ನ ಕಡೆ ತಿರುಗಿದರು.

"ಬ್ಯಾಡ ಅನ್ನೂ ಮಾತು ನನ್ನ ಬಾಯಿಂದ ಬರ್ಲಿ ಅಂತ ಮಾಡೀದಿ. ಕೆಟ್ಟಾಕಿ ನಾ ಆಗ್ಲಿ, ನೀ ಗಟ್ಟಿ ಹೆಣಮಗಳಾಗೇ ಇರು. ಅಲ್ಲನವಾ?"

ಹೌದು ಅನ್ನದೆ ಗತಿಯಿರಲಿಲ್ಲ. ಈಗ ಏನು ಮಾಡಬೇಕು, ಏನಾದರೂ ಶಾಂತಿ ಇದೆಯೇ ಎಂದು ಕೇಳಿದೆ. ನಾನು, ವಿಜ್ಞಾನದ ಅಕ್ಕೋರು, ಕೈಮುಗಿದು ಕೇಳಿದೆ. ಏನೂ ಇಲ್ಲ, ಕುಂದ್ರು ಅಂದರು. ತಮ್ಮ ಮಗ ಮೊದಲು ಲೈನ್‌ಮನ್ ಆಗಿ ಕರೆಂಟಿನ ಕಂಬ ಹತ್ತುತ್ತಿದ್ದ ದಿನಗಳಲ್ಲಿ ತಾವು ಎಷ್ಟು ಸಲ ಹೀಗೆ ಕೂತಿದ್ದರೆಂದು ಹೇಳಿದರು. ಅದು ನನಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷ ಒಂದೇ ಸೂರಿನಡಿ ಇದ್ದೆವು.

"ನನಗ ಅಂಜಿಕಿ ಬಂದ್ರ ಒಂದು ಚೀಲಾ ಹೊರಗಿಡ್ತೀನಿ. ನೀ ಏನ್ ಮಾಡ್ತಿ?"

ಅವರ ಮಗ್ಗುಲಲ್ಲಿ ಕೂತೆ. ಎಂಟೂವರೆಗೆ ಫೋನ್ ಬಂತು. ಎಲ್ಲಾ ಛಲೋ ಆಯಿತು, ಚಿಕ್ಕಮ್ಮನ ಮನೆಗೆ ಹೊರಟಿದ್ದೇವೆ ಎಂದಷ್ಟೇ ಹೇಳಿ ಇಟ್ಟಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅತ್ತೆಯವರು ರೊಟ್ಟಿ ಬಿಸಿ ಮಾಡಲು ಎದ್ದರು.

ಸೋಮವಾರ ಮಧ್ಯಾಹ್ನ ಮಗಳು ಬಂದಳು. ಚಾರ್ಮಿನಾರಿನ ಬಳೆ ತಂದಿದ್ದಳು, ಅಜ್ಜಿಗೆ ಒಂದು ಡಜನ್, ನನಗೆ ಒಂದು ಡಜನ್. ಕೋಟೆಯ ಕಥೆ ಹೇಳಿದಳು, ಬುದ್ಧನ ಕಥೆ ಹೇಳಿದಳು. ಬ್ಯಾಂಡಿನ ಕಥೆ ಬರಲೇ ಇಲ್ಲ. ಫೋನಿನಲ್ಲಿ ನೂರಾರು ಫೋಟೋ, ಆ ಐವರದು ಒಂದೂ ಇಲ್ಲ. ಕೇಳಿದರೆ ಬಳೆಗಳನ್ನು ಎತ್ತಿ ಎತ್ತಿ ಇಟ್ಟಳು. ಕೊನೆಗೆ ಬಾಯಿ ಬಿಟ್ಟಳು. ಗೇಟಿನವರೆಗೆ ಹೋಗಿದ್ದಳಂತೆ. ಮಂದಿಯನ್ನು ನೋಡಿ ಕಾಲು ಮುಂದಕ್ಕೆ ಹೋಗಲಿಲ್ಲವಂತೆ. ಹೊಟ್ಟೆನೋವು ಎಂದು ಗೆಳತಿಯರನ್ನು ಒಳಗೆ ಕಳಿಸಿ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಎರಡು ತಾಸು ಕೂತಿದ್ದಳು. ಗೋಡೆಯಾಚೆ ಅವಳ ಹಾಡುಗಳು ಒಂದಾದ ಮೇಲೊಂದು ಆಗಿ ಹೋದವು. ನಾನು ಫೋನ್ ಮಾಡಿದರೆ ಸುತ್ತ ಮಂದಿಯ ಗದ್ದಲವಿಲ್ಲದ್ದು ಕೇಳಿ, ಒಳಗೆ ಹೋಗಿಲ್ಲವೆಂದು ನನಗೆ ತಿಳಿದುಬಿಡುತ್ತದೆಂದು ಅವಳೇ ಸ್ವಿಚ್ ಆಫ್ ಮಾಡಿದ್ದಳು.

ನಾನೂ ಹೇಳಿದೆ. ವಿಡಿಯೋ, ಗೋಲ್ಕೊಂಡ, ಚೀಲ, ಎಲ್ಲ. ಅವಳಿಗೆ ಸಿಟ್ಟು ಬರುತ್ತದೆಂದು ಕಾದೆ. ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು.

"ಅಲ್ಲಿ ಭಾಳ ಮಂದಿ ಇರ್ತಾರವ್ವ ಅಂತ ನಾ ಎರಡು ಸಲ ಹೇಳಿದ್ನಲ್ಲ ನಿನಗ. ನೀ, ಇರ್ಲಿ ಬಿಡು, ಏನಾಕ್ಕೈತಿ ಅಂದಿ."

ನೆನಪಾಯಿತು. ಅವಳು ಸುಮ್ಮನೆ ತಿಳಿಸುತ್ತಿದ್ದಾಳೆ ಅಂದುಕೊಂಡಿದ್ದೆ. ಆಗಲೇ ಅಂಜಿಕೆ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೆಂಗ ಹೇಳ್ಲಿ? ಈ ಮನ್ಯಾಗ ಅಂಜೂದು ನಾ ಒಬ್ಬಾಕಿನ ಅನ್ಕೊಂಡಿದ್ದೆ."